ನಳಿಗೆಯೊಳಗಿನ ಉಪ್ಪು

ಬೆಳೆ ಕಾಯುವ ರೈತನ ಕೈಗೆ ಕಾನೂನು ಕೊಡುವ ಬಂದೂಕು ಹಳೆಯ ಮಾದರಿಯದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆಂದು ಹೆಸರಿಸಿರುವುದೇ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಕಮಲಾಪುರದ ಕೆಂಪು ಬಾಳೆ ತೋಟವಿರಲಿ, ಕಲಬುರಗಿ ಸುತ್ತಲಿನ ತೊಗರಿ ಹೊಲವಿರಲಿ, ಹಂದಿಯನ್ನು ಬೆದರಿಸಲು ಹಾರಿಸುವ ಒಂದು ಈಡಿಗೆ ಮದ್ದು, ಕೇಪು ಎರಡೂ ಬೇಕು. ಸದ್ದು ಮುಗಿದ ಮೇಲಿನ ಆರೈಕೆ ನಮ್ಮಲ್ಲಿ ಬಹುಮಟ್ಟಿಗೆ ಒಂದೇ ಬಗೆಯದು: ಗಜಕ್ಕೆ ಚಿಂದಿ ಸುತ್ತಿ, ಎಣ್ಣೆಯಲ್ಲಿ ಅದ್ದಿ, ನಳಿಗೆಯೊಳಗೆ ನಾಲ್ಕು ಸಲ ಎಳೆದಾಡಿ ಮೂಲೆಗಿಡುವುದು. ಈ ರೂಢಿ ಬಂದೂಕನ್ನು ಕಾಯುವುದಿಲ್ಲ, ಒಳಗಿನ ತುಕ್ಕಿಗೆ ಮೇಲಿನಿಂದ ಮುಚ್ಚಳ ಹಾಕುತ್ತದೆ ಎಂಬುದು ನನ್ನ ವಾದ.

ಕಾರಣ ರಸಾಯನಶಾಸ್ತ್ರದ್ದು, ಕಷ್ಟದ್ದೇನಲ್ಲ. ಹಳೆಯ ಕೇಪುಗಳಲ್ಲಿ, ಎರಡನೇ ಮಹಾಯುದ್ಧದ ಕಾಲದ ಬಹುಪಾಲು ಮಿಲಿಟರಿ ತೋಟಾಗಳ ತಳದಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದಾಗ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಖಾಸಾ ದಾಯಾದಿ. ಮಳೆಗಾಲದಲ್ಲಿ ಉಪ್ಪಿನ ಭರಣಿ ಬೆವರುವಂತೆ ಇದೂ ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕಿನ ಮೇಲೆ ಕೂರುತ್ತದೆ. ಗಾಳಿಯ ತೇವಾಂಶ ಶೇ 85ರ ಹತ್ತಿರ ಬಂದರೆ ಈ ಉಪ್ಪು ತಾನಾಗಿ ಕರಗಿ ನೀರಾಗುತ್ತದೆ; ಅಷ್ಟಾಗುವ ಮೊದಲೇ ತುಕ್ಕು ಕೆಲಸ ಶುರು ಮಾಡಿರುತ್ತದೆ. ಕರಿಮದ್ದಿನ ಮಸಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟಿಗಂತೂ ಶೇ 43ರಷ್ಟು ತೇವಾಂಶವೇ ಸಾಕು. ಜೊತೆಗೆ ಗಂಧಕದ ಲವಣಗಳೂ ಇರುತ್ತವೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಸೀಮೆಎಣ್ಣೆ, ಡೀಸೆಲ್, ಪೆಟ್ರೋಲಿನಲ್ಲೂ ಕರಗುವುದಿಲ್ಲ. ಚಿಂದಿಯ ಮೇಲೆ ಕಪ್ಪು ಬಂತೆಂದರೆ ಹೊಗೆಯ ಮಸಿ ಬಂತು ಎಂದಷ್ಟೇ ಅರ್ಥ. ಉಪ್ಪು ಇದ್ದಲ್ಲೇ ಇರುತ್ತದೆ. ಇದು ಹೊಸ ಅರಿವೂ ಅಲ್ಲ. ಅಮೆರಿಕದ ಗಣಿ ಬ್ಯೂರೊದಲ್ಲಿದ್ದ ವಿಲ್ಬರ್ಟ್ ಹಫ್ 1918ರಲ್ಲೇ, ಎಣ್ಣೆಯ ಪೊರೆಯ ಕೆಳಗೇ ಬಂದೂಕು ಹೇಗೆ ತುಕ್ಕು ಹಿಡಿಯುತ್ತದೆ ಎಂಬುದನ್ನು ಪರೀಕ್ಷಿಸಿ ಪ್ರಕಟಿಸಿದ್ದರು. ಸುಮಾರು ಹತ್ತು ವರ್ಷದಲ್ಲಿ ಜರ್ಮನಿ, ಅಮೆರಿಕದ ಕಂಪನಿಗಳು ಕ್ಲೋರೇಟಿಲ್ಲದ ಸಿಡಿಮಿಶ್ರಣವನ್ನು ಮಾರುಕಟ್ಟೆಗೆ ತಂದವು. ಸೈನ್ಯಗಳು ಮಾತ್ರ ಹಳೆಯದನ್ನೇ ದಶಕಗಳ ಕಾಲ ನೆಚ್ಚಿಕೊಂಡವು, ಏಕೆಂದರೆ ಅದು ದಾಸ್ತಾನಿನಲ್ಲಿ ಬಹುಕಾಲ ಕೆಡದೆ ಉಳಿಯುತ್ತಿತ್ತು.

ಕಬ್ಬಿಣಕ್ಕೆ ನೀರು ಹಾಕಬೇಕೆ ಎಂದು ಕೇಳುವವರಿದ್ದಾರೆ. ಆಕ್ಷೇಪಣೆ ಸಹಜವಾದದ್ದೇ, ಆದರೆ ಅದು ಹಾರಿಹೋಗುವ ನೀರಿಗೆ ಹೆದರಿ, ಒಳಗೆ ಕೂತು ದಿನವೂ ತೇವ ಎಳೆಯುವ ಉಪ್ಪನ್ನು ಬಿಟ್ಟುಬಿಡುತ್ತದೆ. .303 ರೈಫಲ್ ಹಿಡಿದಿದ್ದ ಬ್ರಿಟಿಷ್ ಸಿಪಾಯಿಗಳು ನಳಿಗೆಯ ಹಿಂಬದಿಯಿಂದ ಆಲಿಕೆಯಿಟ್ಟು ಕುದಿಯುವ ನೀರು ಸುರಿಯುತ್ತಿದ್ದರು. ಬಿಸಿಯಾದ ಉಕ್ಕು ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಒಣ ಚಿಂದಿ ಎಳೆದು ಆಮೇಲೆ ಎಣ್ಣೆ. ಕರಿಮದ್ದಿನ ತೋಪುಗಳ ಕಾಲದಲ್ಲೂ ಗೋಲಂದಾಜರು ಪ್ರತಿ ಹೊಡೆತದ ನಂತರ ಒದ್ದೆ ಕುಂಚವನ್ನು ತೋಪಿನೊಳಗೆ ತೂರಿಸುತ್ತಿದ್ದರು. ಕಿಡಿ ಆರಿಸುವುದೇ ಅವರ ಉದ್ದೇಶ, ನಿಜ. ಜೊತೆಗೆ ಮಸಿಯೂ ಹೋಗುತ್ತಿತ್ತು. ಕಲಬುರಗಿ ಕೋಟೆಯ ಬಾರಾ ಗಜಿ ತೋಪಿನ ಉದ್ದವನ್ನಷ್ಟೇ ಅಳೆದು ಬೆರಗಾಗುವ ನಾವು, ಅಂಥದ್ದನ್ನು ತೊಳೆಯಲು ಬೇಕಿದ್ದ ನೀರನ್ನು, ಆಳನ್ನು ನೆನೆಯುವುದೇ ಇಲ್ಲ. ಬೆಳೆ ಕಾಯುವ ಬಂದೂಕಿನ ಕೆಲಸ ಅದಕ್ಕಿಂತ ಸುಲಭ. ಮದ್ದು ತುಂಬಿಲ್ಲವೆಂದು ಖಾತ್ರಿ ಮಾಡಿಕೊಂಡು ಮರದ ಭಾಗದಿಂದ ನಳಿಗೆಯನ್ನು ಬಿಡಿಸಬೇಕು. ಹಿಂತುದಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಚಿಂದಿ ಸುತ್ತಿದ ಗಜದಿಂದ ಕೇಪು ಕೂರುವ ಕಂಡಿಯ ಮೂಲಕ ನೀರನ್ನು ಒಳಗೆಳೆದು ಹೊರದೂಡಬೇಕು. ಹಾರಿಸಿದ ದಿನವೇ ಇದು ಆಗಬೇಕು.

ಅಜ್ಜನ ಬಂದೂಕು ಬರೀ ಎಣ್ಣೆಯಲ್ಲೇ ಅರವತ್ತು ವರ್ಷ ಬಾಳಿತಲ್ಲ ಎನ್ನುವವರಿಗೆ ನನ್ನ ಉತ್ತರ: ಬಾಳಿಸಿದ್ದು ಎಣ್ಣೆಯಲ್ಲ, ಇಲ್ಲಿನ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಒಣಗಾಳಿಯಲ್ಲಿ ಉಪ್ಪು ಸುಮ್ಮನೆ ಮಲಗಿರುತ್ತದೆ. ಅದು ಏಳುವುದು ಜುಲೈ ನಂತರ, ಮೋಡ ಕವಿದು ಗೋಡೆ ಒದ್ದೆಯಾಗುವ ದಿನಗಳಲ್ಲಿ. ಬೇಸಿಗೆಯಲ್ಲಿ ಹಾರಿಸಿದ್ದಕ್ಕೆ ಶ್ರಾವಣದಲ್ಲಿ ತುಕ್ಕು ಬಂದರೆ ಕಾರಣ, ಪರಿಣಾಮಗಳನ್ನು ಯಾರು ಜೋಡಿಸಿ ನೋಡುತ್ತಾರೆ? ಮನೆಯಲ್ಲಿದೆಯೆಂದು ಕುಸುಬಿ ಎಣ್ಣೆ ಹಚ್ಚಿದರಂತೂ ಇನ್ನೊಂದು ಪೀಡೆ. ಬಣ್ಣ ತಯಾರಿಕೆಗೂ ಬಳಸುವ ಆ ಎಣ್ಣೆ ಒಣಗುತ್ತ ಅಂಟಾಗಿ ಗಟ್ಟಿಯಾಗುತ್ತದೆ, ಉಪ್ಪನ್ನು ಅದರಡಿ ಭದ್ರವಾಗಿ ಕೂಡಿಹಾಕುತ್ತದೆ. ನೀರಿನ ವಾದಕ್ಕೂ ಇಲ್ಲೊಂದು ತೊಡಕಿದೆ, ಅದನ್ನು ಒಪ್ಪಲೇಬೇಕು. ಈ ಭಾಗದ ಎಷ್ಟೋ ಬೋರ್‌ವೆಲ್‌ಗಳ ನೀರು ಗಡಸು, ಕೆಲವೆಡೆ ಸವಳು. ಉಪ್ಪು ತೊಳೆಯಲು ಉಪ್ಪುನೀರು ಹಾಕಿದರೆ ಏನು ಬಂತು? ಮೊದಲ ತೊಳೆತಕ್ಕೆ ಯಾವ ನೀರಾದರೂ ನಡೆದೀತು, ಕೊನೆಯದಕ್ಕೆ ಶುದ್ಧ ಕುಡಿಯುವ ನೀರಿನ ಘಟಕದ ನೀರೋ ಹಿಡಿದಿಟ್ಟ ಮಳೆನೀರೋ ಬೇಕು. ಅಮೋನಿಯ ಇರುವ ಗಾಜು ತೊಳೆಯುವ ದ್ರವವನ್ನು ಹೊಗಳುವವರಿದ್ದಾರೆ. ಉಪ್ಪನ್ನು ಕರಗಿಸುವುದು ಅದರೊಳಗಿನ ನೀರೇ ಹೊರತು ಅಮೋನಿಯವಲ್ಲ.

ಇಷ್ಟು ರಗಳೆಯ ಮದ್ದನ್ನು ಕೊಳ್ಳುವುದೇ ಏಕೆ ಎನ್ನಬಹುದು. ಅಮೆರಿಕದಲ್ಲಿ ಸೋವಿಯತ್ ಕಾಲದ ಮಿಲಿಟರಿ ತೋಟಾಗಳು ಸೀಲು ಹಾಕಿದ ತಗಡಿನ ಡಬ್ಬಿಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಅಲ್ಲಿನ ಹವ್ಯಾಸಿಗೆ ಅದು ಜೇಬಿನ ಲೆಕ್ಕ, ತೊಳೆಯುವ ಶ್ರಮಕ್ಕೆ ಉಳಿತಾಯವೇ ಕೂಲಿ. ನಮ್ಮಲ್ಲಿ ಆ ಪೇಟೆಯಿಲ್ಲ. .303, 7.62 ಮಿ.ಮೀ. ಸೇನಾ ತೋಟಾ ತಾಳುವ ರೈಫಲ್ ಸಾಮಾನ್ಯ ಪರವಾನಗಿದಾರನಿಗೆ ದಕ್ಕುವುದಿಲ್ಲ. ಪರವಾನಗಿಯಲ್ಲಿ ಬರೆದಷ್ಟೇ ಮದ್ದುಗುಂಡನ್ನು ಅಧಿಕೃತ ಅಂಗಡಿಯಲ್ಲೇ ಕೊಳ್ಳಬೇಕು. ಆಯ್ಕೆಯಿಲ್ಲದವನಿಗೆ ತಿಳಿವಳಿಕೆಯಾದರೂ ಬೇಕಲ್ಲವೆ? ಕೇಪಿನಲ್ಲಿ ಕ್ಲೋರೇಟ್ ಇದೆಯೇ ಎಂಬುದನ್ನು ಕನ್ನಡದಲ್ಲಿ ಒಂದು ಸಾಲು ಹೇಳುವ ಚೀಟಿ ಪೊಟ್ಟಣದೊಳಗಿರಬೇಕು. ಅದು ಬರುವವರೆಗೆ ಪ್ರತಿ ಕೇಪನ್ನೂ ಉಪ್ಪಿನದೆಂದೇ ಎಣಿಸುವುದು ಜಾಣತನ. ನಳಿಗೆಗೆ ಕ್ರೋಮ್ ಲೇಪವಿದ್ದರೆ ಚಿಂತೆಯಿಲ್ಲ ಎಂಬ ಮಾತು ಪೊಲೀಸರ ಎಕೆ ರೈಫಲಿಗೆ ಅರ್ಧ ನಿಜ, ಏಕೆಂದರೆ ಅದರ ಗ್ಯಾಸ್ ಹಾಯುವ ಎಲ್ಲ ಭಾಗಗಳಿಗೂ ಆ ರಕ್ಷಣೆ ಇರುವುದಿಲ್ಲ. ರೈತನ ಬಂದೂಕಿಗೆ ಅದು ಸಂಬಂಧವೇ ಇಲ್ಲದ ಮಾತು.

ಎಣ್ಣೆಯ ರೂಢಿಗೆ ಚುನಾವಣೆಗಿಂತ ಕಠಿಣ ಪರೀಕ್ಷೆ ಬೇರೆಯಿಲ್ಲ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ ಇತ್ತು. ಕಲಬುರಗಿಯಲ್ಲಿ ಮತದಾನ ನಡೆದದ್ದು ಮೇ 7ರಂದು. ಇಂಥ ವೇಳೆ ಠೇವಣಿ ಇಡಲು ಸೂಚನೆ ಬಂದವರ ಬಂದೂಕು ವಾರಗಟ್ಟಲೆ ಠಾಣೆಯಲ್ಲಿರುತ್ತದೆ, ಅಷ್ಟು ದಿನ ಒಡೆಯನ ಕೈಗೆ ಸಿಗುವುದಿಲ್ಲ. ಉಪ್ಪು ತೊಳೆಯದೆ ಎಣ್ಣೆ ಸವರಿ ಕೊಟ್ಟದ್ದು ಬೇಸಿಗೆ ಕಳೆದು, ಮುಂಗಾರು ಹೊಸ್ತಿಲಲ್ಲಿರುವಾಗ ಮರಳುತ್ತದೆ. ಒಳಗೆ ಕೆಂಪು ಕಂಡರೆ ಠಾಣೆಯ ಮೇಲೆ ದೂರು ಹೇಳುವುದು ಸುಲಭ. ಆದರೆ ತುಕ್ಕಿನ ಬೀಜ ಕೊಟ್ಟವನ ಮನೆಯಿಂದಲೇ ಬಂದಿರಬಹುದು. ಅದನ್ನು ಬಗೆಹರಿಸಲು ಒಪ್ಪಿಸುವ ದಿನವೇ ಬಿಳಿ ಚಿಂದಿಯೊಂದನ್ನು ನಳಿಗೆಯಲ್ಲಿ ಎಳೆದು ಇಬ್ಬರೂ ನೋಡಿ, ರಸೀದಿಯಲ್ಲಿ ಅದನ್ನು ನಮೂದಿಸಿಕೊಳ್ಳಬೇಕು.