‘ಶಿನ್’: ಒಂದು ಹೀಬ್ರೂ ಅಕ್ಷರದ ಮೂಲ ಮತ್ತು ಬಳಕೆ

ಅಕ್ಷರವೊಂದರ ಚರಿತ್ರೆಯನ್ನು ಅದರ ಮೂಲಚಿತ್ರದಲ್ಲಿಯೇ ಮುಗಿಸಿಬಿಡುವ ಪರಿಪಾಠ ಲಿಪಿ ಅಧ್ಯಯನಗಳಲ್ಲಿ ಬಲವಾಗಿ ಬೇರೂರಿದೆ. ಹೀಬ್ರೂ ವರ್ಣಮಾಲೆಯ ಇಪ್ಪತ್ತೊಂದನೆಯ ಅಕ್ಷರವಾದ ‘ಶಿನ್’ ಕುರಿತ ಚರ್ಚೆಯೂ ಇದಕ್ಕೆ ಹೊರತಲ್ಲ. ಮೂರು ಕವಲುಗಳುಳ್ಳ ಈ ಅಕ್ಷರದ ಹೆಸರು ‘ಹಲ್ಲು’ ಎಂಬರ್ಥದ ‘ಶೆನ್’ ಪದಕ್ಕೆ ಸಮೀಪವಾಗಿರುವುದರಿಂದ ಇದನ್ನು ಹಲ್ಲಿನ ಚಿತ್ರವೆಂದು ಬಹುಕಾಲ ಭಾವಿಸಲಾಗಿತ್ತು. 1905ರಲ್ಲಿ ಫ್ಲಿಂಡರ್ಸ್ ಪೆಟ್ರಿಯವರು ಸಿನಾಯ್‌ನ ಸೆರಾಬಿಟ್ ಎಲ್-ಖಾದಿಮ್ ಗಣಿಪ್ರದೇಶದಲ್ಲಿ ಶಾಸನಗಳನ್ನು ಕಂಡರು. 1916ರಲ್ಲಿ ಅಲನ್ ಗಾರ್ಡಿನರ್ ಅವುಗಳನ್ನು ಕುರಿತು ಬರೆದರು. ಆ ಬಳಿಕ ಚರ್ಚೆಯ ದಿಕ್ಕು ಬದಲಾಯಿತು. ಆಲ್‌ಬ್ರೈಟ್ ಅವರು ಇದರ ಪ್ರಾಚೀನ ರೂಪದಲ್ಲಿ ಬಿಲ್ಲನ್ನು ಗುರುತಿಸಿದರು. ಆಕಾರದ ದೃಷ್ಟಿಯಿಂದ ಈ ವಾದವೇ ಹೆಚ್ಚು ಸಮರ್ಪಕವೆಂದು ತೋರುತ್ತದೆ. ಹಾಗಾದರೆ ‘ಹಲ್ಲು’ ಎಂಬುದು ಜನಪದ ನಿರುಕ್ತಿಯಾಗುತ್ತದೆ. ಲಿಪಿತಜ್ಞರಿಗೆ ಇದು ಬದಿಗಿಡಬೇಕಾದ ದೋಷ. ಜಾನಪದ ಅಧ್ಯಯನಕ್ಕಾದರೋ ಆಕರ.

ಒಂದೇ ಲಿಪಿಚಿಹ್ನೆ ‘ಶ’, ‘ಸ’ ಎಂಬ ಎರಡು ಧ್ವನಿಗಳನ್ನು ಹೊತ್ತಿತ್ತು. ತಿಬೇರಿಯಾದ ಮಸೋರೆಟಿಕ್ ಪಂಡಿತರು ಬಲಗಡೆ ಚುಕ್ಕೆಯಿಟ್ಟು ‘ಶ’ವನ್ನು, ಎಡಗಡೆ ಚುಕ್ಕೆಯಿಟ್ಟು ‘ಸ’ವನ್ನು ಬೇರ್ಪಡಿಸಿದರು. ಧ್ವನಿಭೇದಕ್ಕೆ ತೆತ್ತ ಬೆಲೆಯನ್ನು ಬೈಬಲ್ಲಿನ ‘ನ್ಯಾಯಸ್ಥಾಪಕರು’ ಗ್ರಂಥದ 12ನೆಯ ಅಧ್ಯಾಯ ಹೇಳುತ್ತದೆ. ಯೊರ್ದಾನ್ ನದಿಯ ಹಾಯ್ಗಡಗಳಲ್ಲಿ ‘ಶಿಬ್ಬೋಲೆತ್’ ಎನ್ನಲಾಗದೆ ‘ಸಿಬ್ಬೋಲೆತ್’ ಎಂದ ಎಫ್ರಾಯೀಮ್ಯರನ್ನು ಕೊಲ್ಲಲಾಯಿತು. ಆ ಸಂದರ್ಭದಲ್ಲಿ ಸತ್ತವರು 42,000 ಮಂದಿ ಎಂಬುದು ಗ್ರಂಥದ ಲೆಕ್ಕ. ಅವರ ಉಚ್ಚಾರವನ್ನು ಲಿಪಿಕಾರರು ‘ಸಾಮೆಖ್’ ಎಂಬ ಬೇರೆಯೇ ಅಕ್ಷರದಿಂದ ಬರೆದಿದ್ದಾರೆ. ತಮ್ಮ ಅಕ್ಷರವನ್ನೂ ಅವರ ಬಾಯಿಗೆ ಕೊಡಲಿಲ್ಲವೆನ್ನಬೇಕು.

ಮನೆಯ ಬಾಗಿಲವಾಡಕ್ಕೆ ಜಡಿಯುವ ‘ಮೆಜುಜಾ’ದ ಚರ್ಮಪತ್ರದ ಹಿಂಬದಿಯಲ್ಲಿ ‘ಶದ್ದಾಯ್’ ಎಂಬ ದೇವನಾಮವಿರುತ್ತದೆ. ಕವಚದ ಮೇಲೆ ಅದರ ಮೊದಲಕ್ಷರವಾದ ಶಿನ್ ಒಂದನ್ನೇ ಕಾಣಿಸುವುದು ವಾಡಿಕೆ.

ಇವೆಲ್ಲಕ್ಕಿಂತ ಹೆಚ್ಚು ಪರಿಭಾವಿಸಬೇಕಾದುದು ಹನುಕ್ಕಾ ಹಬ್ಬದ ಬುಗುರಿ, ‘ಡ್ರೈಡಲ್’. ಅದರ ನಾಲ್ಕು ಮುಖಗಳಲ್ಲಿ ನುನ್, ಗಿಮೆಲ್, ಹೇ, ಶಿನ್ ಅಕ್ಷರಗಳಿರುತ್ತವೆ. ‘ಅಲ್ಲಿ ಮಹಾಪವಾಡ ನಡೆಯಿತು’ ಎಂಬ ಹೀಬ್ರೂ ವಾಕ್ಯದ ಪದಗಳ ಮೊದಲಕ್ಷರಗಳಿವು ಎಂಬುದು ಪ್ರಚಲಿತ ವಿವರಣೆ. ‘ಶಾಮ್’ ಎಂದರೆ ‘ಅಲ್ಲಿ’. ಆದರೆ ಇದು ಮೂಲತಃ ಯುರೋಪಿನ ಜೂಜಿನ ಬುಗುರಿ. ಯಿಡ್ಡಿಷ್ ಭಾಷಿಕರಿಗೆ ಆ ಅಕ್ಷರಗಳು ‘ಏನೂ ಇಲ್ಲ’, ‘ಎಲ್ಲವೂ’, ‘ಅರ್ಧ’, ‘ಹಾಕು’ ಎಂಬ ಆಟದ ಆದೇಶಗಳಾಗಿದ್ದವು. ಇಲ್ಲಿ ಶಿನ್ ಬಿದ್ದವನು ಪಣಕ್ಕೆ ಕಾಸು ಹಾಕಬೇಕು. ಜೂಜಿನ ಗುರುತಿಗೆ ಪವಿತ್ರಾರ್ಥ ಕೂಡಿಬಂದುದು ಆಮೇಲಿನ ಮಾತು. ಗ್ರೀಕ್ ದೊರೆ ಆಂಟಿಯೋಕಸನ ಕಾಲದಲ್ಲಿ ಧರ್ಮಾಧ್ಯಯನವನ್ನು ಮರೆಮಾಚಲು ಮಕ್ಕಳು ಬುಗುರಿಯಾಡಿದರೆಂಬ ಐತಿಹ್ಯವನ್ನು ಚರಿತ್ರೆಯೆಂದು ಒಪ್ಪಲಾಗದು. ಅಷ್ಟರಿಂದಲೇ ಅದನ್ನು ಹುಸಿಯೆಂದು ತಳ್ಳಿಹಾಕುವುದೂ ಸಲ್ಲದು. ಪರರ ಆಟವೊಂದನ್ನು ತಮ್ಮದಾಗಿಸಿಕೊಳ್ಳಲು ಸಮುದಾಯವೊಂದು ಹಿಡಿದ ದಾರಿಗೆ ಅದು ಸಾಕ್ಷಿ.

ಇಸ್ರೇಲಿನಲ್ಲಿ ತಯಾರಾಗುವ ಬುಗುರಿಗಳಲ್ಲಿ ಶಿನ್ ಜಾಗಕ್ಕೆ ‘ಪೇ’ ಬಂದಿದೆ. ‘ಪೋ’ ಎಂದರೆ ‘ಇಲ್ಲಿ’. ಯಿಡ್ಡಿಷ್ ಆದೇಶಕ್ಕೂ ಈ ಅಕ್ಷರಕ್ಕೂ ಸಂಬಂಧವೇ ಇಲ್ಲ. ಆದರೂ ‘ಪೇ’ ಬಿದ್ದವನು ಪಣಕ್ಕೆ ಕಾಸು ಹಾಕುತ್ತಲೇ ಇದ್ದಾನೆ.