ಕಾರ್ಲ್ ರಾನರರ ಧರ್ಮಕೇಂದ್ರ ಮೀಮಾಂಸೆ

ಒಬ್ಬ ಗುರುವಿನ ಪಾಲನೆಗೆ ಒಪ್ಪಿಸಲ್ಪಟ್ಟ ಸ್ಥಳೀಯ ಭಕ್ತಸಮುದಾಯವನ್ನು ಕನ್ನಡ ಕೆಥೋಲಿಕರು 'ಧರ್ಮಕೇಂದ್ರ'ವೆಂದು ಕರೆಯುವರು. ಇದೇ ಅರ್ಥದ ಐರೋಪ್ಯ ಶಬ್ದಗಳಿಗೆ ಮೂಲವಾದ 'ಪಾರೊಯ್ಕಿಯ'ವೆಂಬ ಗ್ರೀಕ್ ಪದಕ್ಕಾದರೋ ಪರಸ್ಥಳದವರ ವಾಸವೆಂದು ಅರ್ಥ. ಹೀಗೆ ಪ್ರವಾಸಿಗಳ ಬಿಡಾರವನ್ನು ಸೂಚಿಸುತ್ತಿದ್ದ ಪದವೇ ಕಾಲಕ್ರಮದಲ್ಲಿ ಎಲ್ಲೆಕಟ್ಟಿನ ಪದವಾಯಿತು. 1563ರಲ್ಲಿ ಟ್ರೆಂಟ್ ಮಹಾಸಭೆಯು ಜನರನ್ನು ಗೊತ್ತಾದ ಧರ್ಮಕೇಂದ್ರಗಳಾಗಿ ವಿಂಗಡಿಸಬೇಕೆಂದು ವಿಧಿಸಿತು. 1917ರ ಧರ್ಮಸಭೆಯ ಕಾನೂನುಸಂಹಿತೆಯು ಧರ್ಮಕೇಂದ್ರವನ್ನು ಪ್ರದೇಶದ ವಿಭಾಗವೆಂದೇ ಎಣಿಸಿತು.

ಈ ಏರ್ಪಾಡಿಗೆ ಆಡಳಿತದ ಅನುಕೂಲವನ್ನು ಮೀರಿದ ತಾತ್ತ್ವಿಕ ಆಧಾರವುಂಟೇ ಎಂದು ವಿಚಾರಮಾಡಿದವರಲ್ಲಿ ಯೇಸುಸಭೆಯ ಗುರು ಕಾರ್ಲ್ ರಾನರರು (1904–1984) ಗಣ್ಯರು. ಇನ್ಸ್‌ಬ್ರುಕ್ಕಿನ ಅಧ್ಯಾಪಕರಾಗಿದ್ದ ಇವರು ಯುದ್ಧದ ಕೊನೆಗಾಲದಲ್ಲಿ ಬವೇರಿಯದ ಹಳ್ಳಿಗಾಡಿನಲ್ಲಿ ಜನರ ಧಾರ್ಮಿಕ ಪಾಲನೆಯನ್ನು ನಡೆಸಿದವರಾದುದರಿಂದ, ಈ ವಿಷಯವು ಅವರಿಗೆ ಕೇವಲ ಗ್ರಂಥಗತವಾಗಿರಲಿಲ್ಲ.

ಇವರ ಎರಡು ಪ್ರಬಂಧಗಳು ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ತೋರುವುವು. 1948ರದು, ವಾಸಸ್ಥಳವೊಂದನ್ನೇ ಹಿಡಿದು ಭಕ್ತರ ಸಮಸ್ತ ಧಾರ್ಮಿಕ ಜೀವನವನ್ನೂ ಧರ್ಮಕೇಂದ್ರದಲ್ಲಿ ಅಡಗಿಸಲಾಗದೆಂದೂ, ವೃತ್ತಿಯಿಂದಲೋ ಸ್ವೇಚ್ಛೆಯಿಂದಲೋ ಕೂಡಿದ ಸಂಘಗಳಿಗೂ ಸಮಾನವಾದ ಹಕ್ಕುಂಟೆಂದೂ ವಾದಿಸುವುದು. 1956ರದಾದರೋ, ಧರ್ಮಸಭೆಯು ಬರಿಯ ಸಂಸ್ಥೆಯಾಗಿ ನಿಲ್ಲದೆ ಸಂಭವಿಸಬೇಕೆಂದೂ, ಆ ಸಂಭವದ ಪರಾಕಾಷ್ಠೆಯು ಬಲಿಪೂಜೆಯೆಂದೂ, ಅದು ನಿಯತವಾದ ಒಂದೆಡೆಯಲ್ಲಿ ನಡೆಯತಕ್ಕದ್ದಾದುದರಿಂದ ಸ್ಥಳೀಯ ಸಮುದಾಯವೇ ಧರ್ಮಸಭೆಯ ಪ್ರಥಮ ಸಾಕ್ಷಾತ್ಕಾರವೆಂದೂ ಪ್ರತಿಪಾದಿಸುವುದು. ಆದರೆ ಈ ವಿರೋಧವು ತೋರಿಕೆಯದು. ಮೊದಲನೆಯದು ವ್ಯವಸ್ಥೆಯ ಪ್ರಶ್ನೆ, ಎರಡನೆಯದು ಸ್ವರೂಪದ ಪ್ರಶ್ನೆ, 'ಪ್ರಥಮ'ವೆಂದಮಾತ್ರಕ್ಕೆ 'ಏಕೈಕ'ವೆಂದಾಗಲಾರದು.

ನಿಜವಾದ ತೊಡಕು ಬೇರೆಯದು. ಬಲಿಪೂಜೆಗೆ ಎಡೆಯು ಬೇಕೆಂಬುದು ಸಿದ್ಧ. ಎಲ್ಲೆಯು ಬೇಕೆಂಬುದು ಅದರಿಂದ ಸಿದ್ಧವಾಗದು. ನೆರೆದ ಜನರ ಎಡೆಗೂ ನಕ್ಷೆಯ ಗಡಿಗೂ ನಡುವಣ ಈ ಅಂತರವನ್ನು ರಾನರರ ವಾದವು ತುಂಬಿಕೊಟ್ಟಿಲ್ಲ. ನೆರೆಯವರೇ ಪೂಜೆಗೂ ಕೂಡುವ ಹಳ್ಳಿಯಲ್ಲಿ ಎರಡೂ ಒಂದಾಗಬಹುದು. ವಾಸವೊಂದೆಡೆ, ಉದ್ಯೋಗವೊಂದೆಡೆಯಾದ ನಗರದಲ್ಲಿ ಅವು ಬೇರ್ಪಡುವುವು. 1983ರ ಸಂಹಿತೆಯು ಧರ್ಮಕೇಂದ್ರವನ್ನು ಮೊದಲು ಭಕ್ತಸಮುದಾಯವೆಂದು ಲಕ್ಷಣಿಸಿ, ಪ್ರದೇಶವನ್ನು ಸಾಮಾನ್ಯ ನಿಯಮವಾಗಿ ಮಾತ್ರ ಉಳಿಸಿಕೊಂಡು, ಭಾಷೆ ಮೊದಲಾದ ಆಧಾರಗಳಿಗೂ ಎಡೆಗೊಟ್ಟುದು ಈ ವಿವೇಚನೆಗೆ ಪೋಷಕವಾಗಿದೆ.

ಇದು ಬರಿಯ ಶಬ್ದವಾದವಲ್ಲ. ಜರ್ಮನಿಯ ಟ್ರಿಯರ್ ಧರ್ಮಕ್ಷೇತ್ರವು ತನ್ನ 887 ಧರ್ಮಕೇಂದ್ರಗಳನ್ನು 35ಕ್ಕೆ ಇಳಿಸಲು ಹೊರಟಾಗ, 2019ರಲ್ಲಿ ರೋಮ್ ಅದನ್ನು ತಡೆಹಿಡಿಯಿತು. ಎಲ್ಲೆಯೇ ಮುಖ್ಯವಾದರೆ ಇಂತಹ ವಿಲೀನವು ಗಡಿಯ ತಿದ್ದುಪಡಿ ಮಾತ್ರ. ಎಡೆಯೇ ಮುಖ್ಯವಾದರೆ, ವಿಲೀನದ ಫಲವಾಗಿ ಪೂಜೆ ನಿಂತುಹೋದ ಒಂದೊಂದು ಬಲಿಪೀಠದೊಡನೆಯೂ ಧರ್ಮಸಭೆಯು ಸಂಭವಿಸುತ್ತಿದ್ದ ಒಂದೊಂದು ನೆಲೆಯು ಅಳಿಯುವುದು. ಸಣ್ಣದೂ ಬಡದೂ ಆದ ಸ್ಥಳೀಯ ಸಮುದಾಯದಲ್ಲಿಯೂ ಕ್ರಿಸ್ತನ ಸಾನ್ನಿಧ್ಯವುಂಟೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಸಾರಿದುದು ಈ ಎರಡನೆಯ ಪಕ್ಷಕ್ಕೇ ಬಲವನ್ನೀಯುವುದು. ರಾನರರ ವಾದದ ಸಾರವೂ ಅದೇ. ಅವರು ಬಿಟ್ಟ ಅಂತರವನ್ನು ಗುರುತಿಸಿ ಓದಿದಲ್ಲಿ ಅದರ ಬೆಲೆಯು ಹೆಚ್ಚುವುದೇ ಹೊರತು ಕುಂದದು. ಗಡಿಯನ್ನು ಹೇಳದೆ ಕೇಂದ್ರವನ್ನು ಹೇಳುವ ಕನ್ನಡದ ಹೆಸರು ಆ ಸಾರಕ್ಕೆ ಸಹಜವಾಗಿಯೇ ಒಪ್ಪುವಂತಿದೆ.