ಮಳೂರಿನಲ್ಲಿ ದಾಸರ ಮನೆ

ಸಂಗೀತಗಾರರ ಹಳೆಯ ಮನೆಗಳನ್ನು ಹುಡುಕಿಕೊಂಡು ಹೋಗುವ ಚಾಳಿ ನನಗೆ ಬಹುಕಾಲದಿಂದ ಇದೆ. ಕವಿಯ ಮನೆಯಲ್ಲಾದರೆ ಮೇಜು, ಲೇಖನಿ, ಕನ್ನಡಕ ಏನಾದರೂ ಉಳಿದಿರುತ್ತದೆ. ಹಾಡುಗಾರನ ಮನೆಯಲ್ಲಿ ಉಳಿಯಬೇಕಾದದ್ದೇ ಉಳಿದಿರುವುದಿಲ್ಲ. ಆದರೂ ಹೋಗುತ್ತೇನೆ. ಹಾಗೆ ಹೋದ ಊರುಗಳಲ್ಲಿ ನನ್ನನ್ನು ಹೆಚ್ಚು ಪೇಚಿಗೆ ಸಿಕ್ಕಿಸಿದ್ದು ಚನ್ನಪಟ್ಟಣದ ಪಕ್ಕದ ದೊಡ್ಡಮಳೂರು.

ಬೆಂಗಳೂರು–ಮೈಸೂರಿನ ಹಳೆಯ ರಸ್ತೆಯಲ್ಲಿ ಚನ್ನಪಟ್ಟಣ ದಾಟಿದೊಡನೆ ಸಿಕ್ಕುವ ಊರು ಇದು. 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಎಷ್ಟೋ ವಾಹನಗಳು ಇದರ ಮುಖವನ್ನೇ ನೋಡದೆ ಹಾಯ್ದುಹೋಗುತ್ತವೆ. ಇಲ್ಲಿನ ದೊಡ್ಡ ಗುಡಿ ಅಪ್ರಮೇಯಸ್ವಾಮಿಯದು. ಅದೇ ಆವರಣದಲ್ಲಿ, ಕೈಯಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಕ್ಕುತ್ತಿರುವ ನವನೀತಕೃಷ್ಣ. ಮಕ್ಕಳಿಲ್ಲದವರು ಹರಕೆ ಹೊತ್ತು ಪುಟ್ಟ ತೊಟ್ಟಿಲು ಒಪ್ಪಿಸುವುದು ಈ ಮಗುವಿಗೆ. ಪುರಂದರದಾಸರು ‘ಜಗದೋದ್ಧಾರನ’ ಕೀರ್ತನೆಯನ್ನು ಹಾಡಿದ್ದು ಇದರ ಮುಂದೆಯೇ ಎಂಬುದು ಊರಿನವರ ನಂಬಿಕೆ. ಬಾಗಿಲು ಮುಚ್ಚಿತ್ತಂತೆ, ದಾಸರು ಹೊರಗೇ ನಿಂತು ಹಾಡಿದರಂತೆ, ಮಗು ಕತ್ತು ತಿರುಗಿಸಿ ನೋಡಿತಂತೆ.

ದಾಸರು ಆಗ ಇಳಿದುಕೊಂಡಿದ್ದ ಮನೆ ಯಾವುದು ಎಂದು ಗುಡಿಯ ಜಗಲಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರು ನಕ್ಕು, “ಮನೆ ಬಿಟ್ಟು ಬಂದವರಿಗೆ ಮನೆ ಎಲ್ಲಿಂದ ಬರಬೇಕು ಮೇಷ್ಟ್ರೇ?” ಎಂದರು. ಅಷ್ಟಕ್ಕೇ ಬಿಡದೆ, “ಪದದಲ್ಲೇ ನಮ್ಮ ಸ್ವಾಮಿಯ ಹೆಸರಿದೆಯಲ್ಲ, ಇನ್ನೇನು ಬೇಕು?” ಎಂದು ಸೇರಿಸಿದರು.

ಇದು ಯೋಚಿಸಬೇಕಾದ ಮಾತು. ಕೀರ್ತನೆಯಲ್ಲಿ ‘ಅಪ್ರಮೇಯ’ ಎಂಬ ಶಬ್ದ ಬಂದಿರುವುದು ನಿಜ. ಆದರೆ ಅದು ಊರದೇವರ ಹೆಸರಾಗಿ ಬಂದಿಲ್ಲ. ಉಪನಿಷತ್ತಿನ ಮಾತುಗಳ ಬೆನ್ನಿಗೆ, ವಿಶೇಷಣಗಳ ಸಾಲಿನಲ್ಲಿ ಒಂದಾಗಿ ಬಂದಿದೆ. ವಿಷ್ಣುಸಹಸ್ರನಾಮದಲ್ಲಿಯೂ ಇರುವ ನಾಮ ಅದು. ಅಷ್ಟನ್ನೇ ಹಿಡಿದು ಮಳೂರಿನಲ್ಲೇ ಹುಟ್ಟಿದ ಪದ ಎಂದು ಸಾಧಿಸಲು ಹೊರಟರೆ ಯಾವ ಪರೀಕ್ಷಕನೂ ಅಂಕ ಕೊಡಲಾರ. ಅಂಕಿತವೇ ದಾಸರ ವಿಳಾಸ ಎನ್ನುವುದಾದರೆ, ಅಲ್ಲಿರುವುದು ವಿಠಲ, ಅಪ್ರಮೇಯನಲ್ಲ.

ಆದರೂ ಹಿರಿಯರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಈ ಪದದ ಜೀವವಿರುವುದು ಒಂದು ವಿಪರೀತದಲ್ಲಿ: ಅಳತೆಗೆ ಸಿಕ್ಕದವನನ್ನು ಒಬ್ಬ ತಾಯಿ ಮಗುವೆಂದು ಆಡಿಸುತ್ತಿದ್ದಾಳೆ. ಮಳೂರಿನಲ್ಲಿ ಈ ಎರಡು ತುದಿಗಳೂ ಒಂದೇ ಪ್ರಾಕಾರದೊಳಗಿವೆ. ಅಳತೆಗೆ ಮೀರಿದವನೆಂಬ ಹೆಸರಿನ ಸ್ವಾಮಿ ಒಳಗೆ ನಿಂತಿದ್ದಾನೆ. ನಾಲ್ಕು ಹೆಜ್ಜೆಯಾಚೆ ಬೆಣ್ಣೆ ಹಿಡಿದ ಕೂಸು. ನಾನು ತರಗತಿಯಲ್ಲಿ ಅರ್ಧ ಗಂಟೆ ಹೇಳಿದರೂ ಮೂಡದ ಅರ್ಥ ಅಲ್ಲಿ ತಾನಾಗಿ ಮೂಡುತ್ತದೆ. ಇದನ್ನು ಪದಕ್ಕೆ ವ್ಯಾಖ್ಯಾನ ಎನ್ನೋಣ. ಚರಿತ್ರೆಗೆ ಸಾಕ್ಷ್ಯವೆನ್ನುವುದು ಬೇಡ.

ಪದವೂ ಒಂದೇ ಮನೆಯಲ್ಲಿ ಉಳಿದಿಲ್ಲ. ದಾಸರ ಪದಗಳ ಮೂಲ ಧಾಟಿಗಳು ಬಹುಮಟ್ಟಿಗೆ ಕಳೆದುಹೋಗಿವೆ. ಇಂದು ನಾವು ಕೇಳುವ ಕಾಪಿ ರಾಗದ ‘ಜಗದೋದ್ಧಾರನ’ ಮನೆಮನೆ ಸೇರಿದ್ದು ಬಿ. ಎಸ್. ರಾಜ ಅಯ್ಯಂಗಾರ್ಯರ ಗ್ರಾಮಫೋನ್ ತಟ್ಟೆಯಿಂದ.

ದಾಸರ ಹುಟ್ಟೂರಿನ ವಿಚಾರದಲ್ಲಿ ನಮಗೆ ಇಷ್ಟು ಸಮಾಧಾನವಿಲ್ಲ. ಪುಣೆಯ ಬಳಿಯ ಪುರಂದರಗಡವೋ, ತೀರ್ಥಹಳ್ಳಿ ಸೀಮೆಯ ಆರಗವೋ ಎಂಬ ವ್ಯಾಜ್ಯ ಇನ್ನೂ ತಣ್ಣಗಾಗಿಲ್ಲ. 1564ರಲ್ಲಿ ತೀರಿಕೊಂಡರೆಂದು ಹೇಳುವ ಈ ಮಹನೀಯರು, ಕಥೆಯ ಪ್ರಕಾರ, ಮನೆಯನ್ನೂ ನವಕೋಟಿಯನ್ನೂ ದಾನಮಾಡಿ ತಂಬೂರಿ ಹಿಡಿದು ಹೊರಟವರು. ಅವರು ಬಿಟ್ಟುಹೋದ ಬಾಗಿಲನ್ನು ನಾವು ಹಿಂದಿನಿಂದ ತಟ್ಟುತ್ತಿದ್ದೇವೆ.

ಗುರುತು ಸಿಕ್ಕದ ಮನೆಗಾಗಿ ಇಷ್ಟು ವಾದಿಸುವ ನಾವು ಗುರುತು ಸಿಕ್ಕಿರುವ ಮನೆಗಳನ್ನು ಹೇಗೆ ಇಟ್ಟುಕೊಂಡಿದ್ದೇವೆ? ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರ ‘ಮೃತ್ಯುಂಜಯ’ ಸ್ಮಾರಕವಾಗಿ ಉಳಿದಿದೆ, ಸಂತೋಷ. ಅದೇ ಊರಿನ ಶುಕ್ರವಾರಪೇಟೆಯಲ್ಲಿ ಗಂಗೂಬಾಯಿ ಹಾನಗಲ್ 1913ರಲ್ಲಿ ಹುಟ್ಟಿದ ಮನೆಯಿದೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರೇ ಆಕೆಯ ಹಾಡು ಕೇಳಲು ಬರುತ್ತಿದ್ದರು. ಆ ಮನೆಯನ್ನು ‘ಗಂಗೋತ್ರಿ’ ಎಂದು ಹೆಸರಿಟ್ಟು ಸ್ಮಾರಕ ಮಾಡಿದರು; ಅನಂತರ ನೋಡುವವರಿಲ್ಲದೆ ಅದು ಶಿಥಿಲವಾಯಿತು. ಇಲ್ಲಿ ಐತಿಹ್ಯದ ಗೊಂದಲವಿಲ್ಲ, ಎರಡು ರಾಜ್ಯಗಳ ಜಗಳವಿಲ್ಲ; ಬೇಕಾಗಿದ್ದುದು ಹೆಂಚು, ಸುಣ್ಣ, ಒಬ್ಬ ಕಾವಲುಗಾರ. ಅಮೆರಿಕೆಯ ‘ಸೋಲ್’ ಸಂಗೀತದ ನೀನಾ ಸಿಮೋನ್ ಹುಟ್ಟಿದ ಮೂರು ಕೋಣೆಯ ಮರದ ಮನೆ ಉತ್ತರ ಕ್ಯಾರೊಲಿನಾದ ಟ್ರಯನ್ ಎಂಬ ಸಣ್ಣ ಊರಿನಲ್ಲಿ ಬೀಳುವ ಸ್ಥಿತಿಯಲ್ಲಿದ್ದಾಗ, 2017ರಲ್ಲಿ ನಾಲ್ವರು ಕರಿಯ ಕಲಾವಿದರು ಹಣ ಸೇರಿಸಿ ಕೊಂಡು ಉಳಿಸಿದರು. ಸರ್ಕಾರದ ದಾರಿಯನ್ನು ಅವರು ಕಾಯಲಿಲ್ಲ.

ಹಿಂದಿರುಗುವಾಗ ಚನ್ನಪಟ್ಟಣದಲ್ಲಿ ಇಳಿದೆ. 1800ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್, ಇಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ತಯಾರಾಗುತ್ತದೆ, ಅದಕ್ಕೆ ಬಹಳ ಮನ್ನಣೆಯಿದೆ, ಹಿಂದೂಸ್ಥಾನದ ದೂರದೂರದ ಸೀಮೆಗಳಿಗೂ ಹೋಗುತ್ತದೆ ಎಂದು ಬರೆದಿದ್ದಾನೆ. ಯಾವ ಯಾವ ವೈಣಿಕರ ಬೆರಳಿನ ಕೆಳಗೆ ಈ ಊರಿನ ತಂತಿ ಮಿಡಿಯಿತೋ! ತಂತಿ ಎಳೆಯುತ್ತಿದ್ದವರ ಬೀದಿ ಯಾವುದೆಂದು ಪೇಟೆಯಲ್ಲಿ ಇಬ್ಬರನ್ನು ಕೇಳಿದೆ. ಒಬ್ಬರು ಕರೆಂಟಿನ ತಂತಿಯೇ ಎಂದರು. ಇನ್ನೊಬ್ಬರು ಬಹಳ ವಿಶ್ವಾಸದಿಂದ ಬೊಂಬೆ ಅಂಗಡಿಯ ದಾರಿ ತೋರಿಸಿದರು.